ಇರಾನಿಗೆ ಹೋದ್ರೆ ನೀರು ನೋಡ್ಕೊಂಡು ಬನ್ನಿ

ಇರಾನಿಗೆ ಹೋಗಿ ಬಂದವರ ಫೋಟೋಗಳಲ್ಲಿ ಸಾಮಾನ್ಯವಾಗಿ ಇಷ್ಟೇ ಇರುತ್ತೆ, ಪರ್ಸೆಪೊಲಿಸ್ ಅನ್ನೋ ಹಳೇ ಪರ್ಷಿಯನ್ ರಾಜಧಾನಿಯ ಕಂಬಗಳು, ಇಸ್ಫಹಾನ್‌ನ ನೀಲಿ ಗುಮ್ಮಟ, ಶಿರಾಜ್‌ನಲ್ಲಿ ಬಣ್ಣದ ಗಾಜಿನ ಬೆಳಕು ಬೀಳೋ ಮಸೀದಿ, ಆಮೇಲೆ ಕೇಸರಿ ಅನ್ನದ ತಟ್ಟೆ. ತಪ್ಪೇನಿಲ್ಲ, ಎಲ್ಲಾ ನೋಡಲೇಬೇಕಾದ ಜಾಗಗಳೇ, ನಾವೂ ನೋಡಿದ್ವಿ, ನಾವೂ ತಿಂದ್ವಿ. ಆದ್ರೆ ಮಂಡ್ಯ ಮೈಸೂರು ಕಡೆಯವರು, ಅದರಲ್ಲೂ ನಾಲೆ ಪಕ್ಕದಲ್ಲಿ ಹುಟ್ಟಿ ಬೆಳೆದವರು ಅಲ್ಲಿಗೆ ಹೋದ್ರೆ ನೋಡಬೇಕಾದ್ದು ಇನ್ನೊಂದಿದೆ, ಅದು ನೆಲದ ಕೆಳಗಿದೆ, ಟೂರ್ ಪ್ಯಾಕೇಜಿನವರು ಅದಕ್ಕೆ ಅರ್ಧ ಗಂಟೆನೂ ಕೊಡಲ್ಲ. ಆ ದೇಶದ ಹಳೇ ಊರು, ಅರಮನೆ, ತೋಟ ಎಲ್ಲಾ ನಿಂತಿರೋದು ಆ ನೀರಿನ ಲೆಕ್ಕದ ಮೇಲೆ. ಹಾಗಾಗಿ ಈ ಪೋಸ್ಟ್ ಪೂರ್ತಿ ಅದರದ್ದೇ.

ನಮ್ಮೂರು ಮಳವಳ್ಳಿ ತಾಲ್ಲೂಕು, ಕೆಆರ್‌ಎಸ್‌ನಿಂದ ಬರೋ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ಕೊನೇ ಭಾಗ. ಕೊನೇ ಭಾಗ ಅಂದ್ರೆ ಏನು ಅಂತ ಆ ಕಡೆಯವರಿಗೆ ಬಿಡಿಸಿ ಹೇಳೋದು ಬೇಡ, ಮೇಲಿನವರ ಗದ್ದೆ ತುಂಬಿ ಮಿಕ್ಕಿದ್ರೆ ನಮಗೆ, ಕಟ್ಟು ನೀರು, ಅಂದ್ರೆ ಸರದಿ ಮೇಲೆ ನೀರು, ಬಿಟ್ಟಾಗ ಯಾವತ್ತು ತಲುಪುತ್ತೋ ಯಾವತ್ತು ನಿಲ್ಲುತ್ತೋ. ನಮ್ಮ ದೊಡ್ಡಪ್ಪ ನೀರುಗಂಟಿ ಕೆಲಸ ಮಾಡ್ತಿದ್ರು, ರಾತ್ರಿ ಹೊತ್ತಲ್ಲಿ ಬ್ಯಾಟರಿ ಹಿಡ್ಕೊಂಡು ಗುದ್ದಲಿ ಹೆಗಲ ಮೇಲೆ ಹಾಕ್ಕೊಂಡು ಹೋಗಿ ಇವನದ್ದು ಆಯ್ತು ಅಂತ ಮಡೆ ಕಟ್ಟಿ ಅವನ ಗದ್ದೆಗೆ ತಿರುಗಿಸೋದು, ಅದಕ್ಕೆ ಬೈಸ್ಕೊಳ್ಳೋದು, ಸುಗ್ಗೀಲಿ ಕಣದ ಹತ್ರ ಹೋಗಿ ಎಲ್ಲರಿಂದ ಇಷ್ಟಿಷ್ಟು ಭತ್ತ ಈಸ್ಕೊಳ್ಳೋದು. ನಾನೀಗ ಮೈಸೂರಲ್ಲಿದ್ದೀನಿ, ಆದ್ರೂ ಮುಂಗಾರು ಶುರುವಾಯ್ತು ಅಂದ್ರೆ ಕೆಆರ್‌ಎಸ್ ಲೆವೆಲ್ ಎಷ್ಟಾಯ್ತು, ಪೂರ್ತಿ ಮಟ್ಟ 124.80 ಅಡಿಗೆ ಇನ್ನೆಷ್ಟು ಬಾಕಿ ಅಂತ ಪೇಪರ್ ತಿರುಗಿಸ್ದೇ ಇರೋಕಾಗಲ್ಲ. ಇಷ್ಟು ಯಾಕೆ ಹೇಳ್ದೆ ಅಂದ್ರೆ, ಯಜ್ದ್ ಅನ್ನೋ ಊರನ್ನ ನಾನು ನೋಡಿದ್ದು ಈ ಕಣ್ಣಲ್ಲಿ.

ಯಜ್ದ್ ಇರಾನ್ ಮಧ್ಯದ ಮರುಭೂಮಿ ಊರು. ವರ್ಷಕ್ಕೆ ಬೀಳೋ ಮಳೆ 60 ಮಿಲಿಮೀಟರ್ ಆಸುಪಾಸು, ನಮ್ಮಲ್ಲಿ ಒಂದೊಂದು ಸಲ ಎರಡು ಜೋರು ಮಳೆಗೇ ಅಷ್ಟು ಬಂದುಬಿಡುತ್ತೆ. ಪೂರ್ತಿ ಊರು ಹಸಿ ಇಟ್ಟಿಗೆ, ಮಣ್ಣು, ಹುಲ್ಲು ಕಲೆಸಿದ ಗಾರೆ. ಗೋಡೆ ಎತ್ತರ, ಗಲ್ಲಿ ಕಿರಿದು, ಅದಕ್ಕೇ ಮಧ್ಯಾಹ್ನದಲ್ಲೂ ನೆರಳು ಸಿಗುತ್ತೆ. ಮನೆಗಳ ಮೇಲೆ ಉದ್ದುದ್ದ ಗೋಪುರಗಳು, ಗಾಳಿ ಯಾವ ದಿಕ್ಕಿಂದ ಬಂದ್ರೂ ಹಿಡಿದು ಕೆಳಗಿನ ಕೋಣೆಗೆ ಇಳಿಸೋಕೆ, ಬಾದ್‌ಗೀರ್ ಅಂತಾರೆ. ದೌಲತಾಬಾದ್ ತೋಟದಲ್ಲಿರೋದು 33 ಮೀಟರ್ ಎತ್ತರ, ಅದರ ಬುಡದಲ್ಲಿ ನಿಂತ್ಕೊಂಡ್ರೆ ಕರೆಂಟಿಲ್ಲದೆ ಫ್ಯಾನಿಲ್ಲದೆ ತಣ್ಣಗೆ ಗಾಳಿ ತಲೆ ಮೇಲೆ ಇಳಿಯುತ್ತೆ, ಕೆಳಗಡೆ ನೀರಿನ ತೊಟ್ಟಿ ಬೇರೆ ಇರೋದ್ರಿಂದ ಇನ್ನೂ ತಂಪು. 2017ರಲ್ಲಿ ಯುನೆಸ್ಕೋ ಈ ಊರನ್ನ ವಿಶ್ವ ಪರಂಪರೆ ಪಟ್ಟಿಗೆ ಸೇರಿಸ್ತು. ಆದ್ರೆ ಮಳೆನೇ ಇಲ್ಲದ ಜಾಗದಲ್ಲಿ ಇಷ್ಟು ದೊಡ್ಡ ಊರು ಸಾವಿರಾರು ವರ್ಷ ಹೆಂಗೆ ಬದುಕ್ತು ಅಂತ ಕೇಳಿದ್ರೆ ಉತ್ತರ ಒಂದೇ, ಕನಾತ್.

ಕನಾತ್ ಅಂದ್ರೆ ನೆಲದಡಿಯ ನಾಲೆ. ದೂರದ ಬೆಟ್ಟದ ಬುಡದಲ್ಲಿ ಅಂತರ್ಜಲ ಸಿಗೋವರೆಗೂ ಮೊದಲು ಒಂದು ಬಾವಿ ತೋಡ್ತಾರೆ, ಅದಕ್ಕೆ ತಾಯಿ ಬಾವಿ ಅಂತಾನೇ ಹೆಸರು. ಆಮೇಲೆ ಊರಿನ ಕಡೆಯಿಂದ ಒಬ್ಬ ಮನುಷ್ಯ ಬಗ್ಗಿ ನಡೆಯೋವಷ್ಟು ಸುರಂಗ ಕೊರೀತಾ ಕೊರೀತಾ ಆ ತಾಯಿ ಬಾವಿಗೆ ಸೇರಿಸ್ತಾರೆ. ಮಣ್ಣು ಮೇಲೆ ಎತ್ತೋಕೆ, ಒಳಗಿರೋನಿಗೆ ಉಸಿರಾಡೋಕೆ ಅಂತ ದಾರಿ ಉದ್ದಕ್ಕೂ ಮೇಲಿಂದ ಬಾವಿಗಳು, ವಿಮಾನದಿಂದ ನೋಡಿದ್ರೆ ಮರುಭೂಮಿಯಲ್ಲಿ ಇರುವೆ ಗೂಡಿನ ಬಾಯಿ ಸಾಲಾಗಿ ಕಾಣೋ ಹಂಗೆ. ಇಳಿಜಾರು ಸ್ವಲ್ಪ ಜಾಸ್ತಿ ಆಯ್ತು ಅಂದ್ರೆ ನೀರಿನ ರಭಸಕ್ಕೆ ಸುರಂಗ ಕೊರೆದು ಕುಸಿಯುತ್ತೆ, ಕಮ್ಮಿ ಆಯ್ತು ಅಂದ್ರೆ ಹೂಳು ತುಂಬಿ ನೀರು ನಿಲ್ಲುತ್ತೆ, ಹತ್ತಾರು ಕಿಲೋಮೀಟರ್ ಉದ್ದಕ್ಕೂ ಕತ್ತಲೆಯಲ್ಲಿ ಆ ಮಟ್ಟ ಹಿಡಿಯೋದು ಅಂದ್ರೆ ಎಂಥಾ ಕೈಗುಣ ಇರಬೇಕು. ನೀರು ತಾನಾಗೇ ಹರಿದು ಬರುತ್ತೆ, ಎತ್ತೋದಿಲ್ಲ, ಪಂಪಿಲ್ಲ, ಬಿಸಿಲಿಗೆ ಆವಿ ಆಗೋ ಮಾತೂ ಇಲ್ಲ. ಗೊನಾಬಾದ್ ಅನ್ನೋ ಕಡೆ ಇರೋ ಕನಾತ್ 33 ಕಿಲೋಮೀಟರ್ ಉದ್ದ, 427 ಬಾವಿಗಳು, ತಾಯಿ ಬಾವಿಯ ಆಳ 300 ಮೀಟರ್‌ಗೂ ಹೆಚ್ಚು. ಕೈಯಲ್ಲಿ, ಗುದ್ದಲಿಯಲ್ಲಿ ತೋಡಿದ್ದು. ಇಂಥ 11 ಕನಾತ್‌ಗಳನ್ನ ಆರಿಸಿ 2016ರಲ್ಲಿ ಯುನೆಸ್ಕೋ ಪಟ್ಟಿಗೆ ಹಾಕಿದ್ರು, ಇನ್ನೂ ನೀರು ಹರಿಸ್ತಿರೋವು ಆ ದೇಶದಲ್ಲಿ ಸಾವಿರಗಟ್ಟಲೆ ಇವೆ.

ತೋಡೋರಿಗೆ ಮುಖನ್ನಿ ಅಂತಾರೆ, ಅಪ್ಪನಿಂದ ಮಗನಿಗೆ ಬರೋ ಕೆಲಸ. ಒಳಗಡೆ ಎಣ್ಣೆ ದೀಪ ಇಟ್ಕೊಂಡು ಹೋಗೋರು, ದೀಪ ಸಣ್ಣಗಾಯ್ತು ಅಂದ್ರೆ ಗಾಳಿ ಸಾಲ್ತಿಲ್ಲ ಅಂತ ಲೆಕ್ಕ, ತಕ್ಷಣ ಈಚೆ ಬರಬೇಕು. ಬಟ್ಟೆ ಬಿಳೀದೇ ಹಾಕ್ಕೋತಿದ್ರು. ಸುರಂಗ ಕುಸಿದು ಒಳಗೇ ಸಿಕ್ಕಿಕೊಂಡ್ರೆ ಅದೇ ಹೆಣದ ಬಟ್ಟೆನೂ ಆಗಲಿ ಅಂತ ಅಂತೆ. ಪರ್ಸೆಪೊಲಿಸ್ ಕಟ್ಟಿಸಿದ ರಾಜರ ಹೆಸರು ಬಂಡೆ ಮೇಲೆ ಮೂರು ಮೂರು ಭಾಷೆಯಲ್ಲಿ ಕೆತ್ತಿದ್ದಾರೆ, ಇವರ ಹೆಸರು ಎಲ್ಲೂ ಇಲ್ಲ. ಆದ್ರೆ ರಾಜರ ಅರಮನೆ ಉರಿದುಹೋಯ್ತು, ಇವರು ತೋಡಿದ್ದು ಇವತ್ತಿಗೂ ಹರೀತಿದೆ.

ಯಜ್ದ್‌ನಲ್ಲಿ ಒಬ್ಬ ಹಳೇ ವ್ಯಾಪಾರಿಯ ಮನೆಯನ್ನೇ ನೀರಿನ ಮ್ಯೂಸಿಯಂ ಮಾಡಿದ್ದಾರೆ, ಊರಿಗೆ ಹೋದ್ರೆ ಅದನ್ನ ಮಾತ್ರ ಬಿಡಬೇಡಿ. ಮೆಟ್ಟಿಲು ಇಳಿದು ಕೆಳಗೆ ಹೋದ್ರೆ ಕನಾತ್ ಹಾದು ಹೋಗೋ ಜಾಗವೇ ಸಿಗುತ್ತೆ, ಬೇಸಿಗೆ ಮಧ್ಯಾಹ್ನ ಮನೆಯವರು ಬಂದು ಕೂರ್ತಿದ್ದಿದ್ದು ಅಲ್ಲೇ. ನನ್ನ ನಿಲ್ಲಿಸಿದ್ದು ಒಂದು ತಾಮ್ರದ ಬಟ್ಟಲು. ಅಂಗೈ ಮೇಲೆ ಇಟ್ಕೊಳ್ಳೋವಷ್ಟು, ತೆಳು, ತಳದಲ್ಲಿ ಸೂಜಿ ತೂತು, ಒಳಮೈಯಲ್ಲಿ ಗೀಟುಗಳು. ದೊಡ್ಡ ಪಾತ್ರೆಯಲ್ಲಿ ನೀರು ತುಂಬಿ ಅದರ ಮೇಲೆ ಈ ಬಟ್ಟಲು ತೇಲಿ ಬಿಡೋದು, ತೂತಿನಿಂದ ನಿಧಾನಕ್ಕೆ ನೀರು ಏರಿ ಏರಿ ಬಟ್ಟಲು ಮುಳುಗಿದ್ರೆ ಒಂದು ಪಾಲು ಆಯ್ತು. ಮತ್ತೆ ಎತ್ತಿ ಖಾಲಿ ಮಾಡಿ ತೇಲಿಬಿಡೋದು, ಪಕ್ಕಕ್ಕೆ ಒಂದು ಕಲ್ಲು ಇಟ್ಕೊಂಡು ಎಣಿಸೋದು. ಇವನಿಗೆ ಇಷ್ಟು ಬಟ್ಟಲು, ಅವನಿಗೆ ಇಷ್ಟು ಬಟ್ಟಲು, ಹಗಲು ರಾತ್ರಿ ಸರದಿ. ಇದನ್ನ ನೋಡ್ಕೊಳ್ಳೋಕೆ ಊರೇ ಒಪ್ಪಿ ಒಬ್ಬನನ್ನ ಕೂರಿಸ್ತಿದ್ರು, ಮೀರಾಬ್ ಅಂತ. ನಮ್ಮಲ್ಲೂ ಹಿಂದೆ ಮದುವೆ ಮುಹೂರ್ತಕ್ಕೆ ಗಳಿಗೆ ಬಟ್ಟಲು ಇಡ್ತಿದ್ರಲ್ಲ, ಅದೇ ಉಪಾಯ, ಅಲ್ಲಿ ಅದು ಗದ್ದೆ ನೀರಿಗೆ ಬಂತು.

ವಾಪಸ್ ಬಂದ್ಮೇಲೆ ಊರಿಗೆ ಹೋದಾಗ ದೊಡ್ಡಪ್ಪನಿಗೆ ಫೋನಲ್ಲಿ ಈ ಫೋಟೋ ತೋರಿಸ್ದೆ. ಪರ್ಸೆಪೊಲಿಸ್ ಫೋಟೋ ಎಲ್ಲಾ ಸುಮ್ನೆ ಸರಿಸಿದ್ರು, ಇದಕ್ಕೆ ಮಾತ್ರ ಕನ್ನಡಕ ತರಿಸ್ಕೊಂಡ್ರು.

"ಬಟ್ಲು ಮುಳುಗ್ತಿದ್ದಂಗೆ ಮಡೆ ತಿರುಗಿಸ್ಬುಡ್ತಿದ್ರಾ?"

"ಹೂಂ ದೊಡ್ಡಪ್ಪ."

"ರಾತ್ರಿನೂವೆ?"

"ರಾತ್ರಿನೂ. ಒಬ್ಬ ಕೂತ್ಕೊಂಡು ಎಣಿಸ್ತಿದ್ದ."

"ಕೊನೇ ಗದ್ದೆಯವ್ನಿಗೂ ಅದೇ ಬಟ್ಲೇನ್ಲಾ?"

"ಅದೇ ಬಟ್ಲು."

"ಅಂಗಾದ್ರೆ ನ್ಯಾಯ್ವಾಗೈತೆ ಬುಡು" ಅಂದ್ರು. ಆಮೇಲೂ ಸುಮಾರು ಹೊತ್ತು ಫೋಟೋ ದೊಡ್ಡದು ಮಾಡಿ ಮಾಡಿ ತೂತು ಎಲ್ಲಿದೆ ಅಂತ ಹುಡುಕ್ತಾನೇ ಇದ್ರು.

ಈಗ ನನಗೆ ತುಂಬಾ ಇಷ್ಟವಾದ ವಿಷಯಕ್ಕೆ ಬರ್ತೀನಿ. ಪೊಲಿಬಿಯಸ್ ಅಂತ ಒಬ್ಬ ಗ್ರೀಕ್ ಇತಿಹಾಸಕಾರ, ಕ್ರಿಸ್ತಪೂರ್ವ ಎರಡನೇ ಶತಮಾನದವನು, ಈ ನೆಲದಡಿ ನಾಲೆಗಳ ಬಗ್ಗೆ ಬರೆದಿದ್ದಾನೆ. ಪರ್ಷಿಯನ್ನರು ಏಷ್ಯಾ ಆಳ್ತಿದ್ದಾಗ, ನೀರಿಲ್ಲದ ನೆಲಕ್ಕೆ ಯಾರು ನೀರು ತರ್ತಾರೋ ಆ ನೆಲದ ಸಾಗುವಳಿಯನ್ನ ಅವರಿಗೆ ಐದು ತಲೆಮಾರಿನವರೆಗೂ ಬಿಟ್ಟುಕೊಡ್ತಿದ್ರಂತೆ. ಅದಕ್ಕೇ ಜನ ಖರ್ಚು ಶ್ರಮ ಎರಡನ್ನೂ ಲೆಕ್ಕಿಸದೆ ದೂರದಿಂದ ನೀರು ತಂದ್ರು ಅಂತಾನೆ. ಇದನ್ನ ಓದಿದಾಗ ನನಗೆ ನೆನಪಾಗಿದ್ದು ಕೆಆರ್‌ಎಸ್‌ನಲ್ಲಿರೋ ಒಂದು ಶಾಸನ. ಬೃಂದಾವನಕ್ಕೆ ಹೋಗೋ ಸಾವಿರಾರು ಜನರಲ್ಲಿ ನಿಂತು ಓದೋರು ಬೆರಳೆಣಿಕೆ. 1911ರಲ್ಲಿ ಅಣೆಕಟ್ಟೆ ಕೆಲಸ ಶುರುವಾದಾಗ ಅಲ್ಲಿ ಸಿಕ್ಕಿದ ಕಲ್ಲು ಅದು, ಭಾಷೆ ಪರ್ಷಿಯನ್, ಟಿಪ್ಪು ಸುಲ್ತಾನನ ಕಾಲದ್ದು, 1790ರ ದಶಕದ್ದು. ಅದೇ ಜಾಗದಲ್ಲಿ ಕಾವೇರಿಗೆ ಅಣೆ ಕಟ್ಟೋಕೆ ಅಡಿಪಾಯ ಹಾಕಿದ್ದೀವಿ, ಈ ನೀರಲ್ಲಿ ಹೊಸದಾಗಿ ಉತ್ತು ಬೆಳೆಯೋರಿಗೆ ಸರ್ಕಾರಕ್ಕೆ ಕೊಡೋದರಲ್ಲಿ ರಿಯಾಯಿತಿ ಇದೆ, ಆ ನೆಲ ಅವರ ವಂಶದವರಿಗೇ ಇರುತ್ತೆ, ಭೂಮಿ ಆಕಾಶ ಇರೋವರೆಗೂ, ಅನ್ನೋದು ಅದರ ಸಾರಾಂಶ. ಎರಡು ಸಾವಿರ ವರ್ಷ ಅಂತರ, ಸಾವಿರಾರು ಮೈಲಿ ದೂರ, ಮಾತು ಮಾತ್ರ ಹೆಚ್ಚುಕಮ್ಮಿ ಅದೇ. ಅಷ್ಟೇ ಅಲ್ಲ, ನಮ್ಮ ಹಳೇ ಕನ್ನಡ ಶಾಸನಗಳಲ್ಲೂ ಕೆರೆ ಕಟ್ಟಿಸಿದವರಿಗೆ ಕಟ್ಟುಕೊಡಗೆ, ಕೆರೆ ನೋಡ್ಕೊಳ್ಳೋಕೆ ಬಿತ್ತುವಟ್ಟ ಅಂತ ನೆಲ ಬಿಡ್ತಿದ್ರಲ್ಲ, ಅದೂ ಇದೇ ಸಾಲಿಗೆ ಸೇರುತ್ತೆ. ನೀರು ತಂದವನಿಗೆ ನೆಲ ಕೊಡು, ಅವನು ನೀರನ್ನ ಕಾಪಾಡ್ತಾನೆ. ರಾಜ್ಯ ಯಾವುದಾದ್ರೂ ಆಗಲಿ, ಒಳ್ಳೇ ಆಡಳಿತ ಮಾಡಿದವರಿಗೆ ಈ ಬುದ್ಧಿ ಇತ್ತು ಅಂತ ನನಗನ್ನಿಸುತ್ತೆ.

ಪರ್ಸೆಪೊಲಿಸ್ ಬಗ್ಗೆ ಬರೀದೇ ಇದ್ರೆ ಬೈತೀರಿ, ಬರೀತೀನಿ. ಶಿರಾಜ್‌ನಿಂದ 60 ಕಿಲೋಮೀಟರ್, ಬೆಳಿಗ್ಗೆ ಬಾಗಿಲು ತೆಗೆಯೋ ಹೊತ್ತಿಗೆ ಹೋಗಿಬಿಡಿ, ಹತ್ತು ಗಂಟೆ ಮೇಲೆ ನೆರಳೇ ಇಲ್ಲ. ಕ್ರಿಸ್ತಪೂರ್ವ 518ರ ಸುಮಾರಿಗೆ ಪರ್ಷಿಯಾದ ರಾಜ ಮೊದಲನೇ ದಾರಿಯಸ್ ಶುರು ಮಾಡಿದ್ದು, ಮಗ ಕ್ಸೆರ್ಕ್ಸಸ್ ಮುಂದುವರಿಸಿದ, ಕ್ರಿಸ್ತಪೂರ್ವ 330ರಲ್ಲಿ ಅಲೆಕ್ಸಾಂಡರನ ಸೈನ್ಯ ಸುಟ್ಟು ಹಾಕ್ತು. ಅಪಾದಾನ ಅನ್ನೋ ದೊಡ್ಡ ಸಭಾಂಗಣದಲ್ಲಿ 72 ಕಂಬ ಇದ್ವು, ಈಗ ನಿಂತಿರೋದು 13, ಸುಮಾರು 20 ಮೀಟರ್ ಎತ್ತರ. ಅದು ನೋಡಿ ಕತ್ತು ನೋಯುತ್ತೆ, ಆದ್ರೆ ನಿಜವಾದ ಸಂಪತ್ತು ಇರೋದು ಕಣ್ಣೆದುರಿಗೆ, ಮೆಟ್ಟಿಲ ಗೋಡೆ ಮೇಲೆ. ಸಾಮ್ರಾಜ್ಯದ 23 ಕಡೆಯ ಜನ ಕಾಣಿಕೆ ಹೊತ್ತು ಬರೋ ಸಾಲು ಕೆತ್ತಿದ್ದಾರೆ, ಒಬ್ಬೊಬ್ಬರ ಟೋಪಿ ಬೇರೆ, ಗಡ್ಡದ ಸುರುಳಿ ಬೇರೆ, ಒಂಟೆ, ಕುದುರೆ, ಟಗರು, ಬಟ್ಟಲು, ಬಟ್ಟೆ. ಅದರಲ್ಲಿ ನಮ್ಮ ಸಿಂಧೂ ಕಡೆಯವರೂ ಇದ್ದಾರೆ. ಹುಡುಕಿ ನೋಡಿ. ಮುಂದಾಳು ಮೈ ತುಂಬಾ ಹೊದ್ದಿದ್ದಾನೆ, ಹಿಂದಿರೋರು ಬರಿಮೈ, ಸೊಂಟಕ್ಕೆ ಪಂಚೆ. ಒಬ್ಬ ಹೆಗಲ ಮೇಲೆ ಅಡ್ಡೆ ಹೊತ್ತಿದ್ದಾನೆ, ಎರಡು ಕಡೆ ತಕ್ಕಡಿ ಥರ ಬುಟ್ಟಿ, ಒಳಗೆ ಸಣ್ಣ ಚೀಲಗಳು, ಚಿನ್ನದ ಪುಡಿ ಇರಬೇಕು ಅಂತ ತಿಳಿದವರು ಹೇಳ್ತಾರೆ. ಪಕ್ಕದಲ್ಲಿ ಒಂದು ಕತ್ತೆ, ಕೊನೆಯವನ ಕೈಯಲ್ಲಿ ಕೊಡಲಿಗಳು. ಅಡ್ಡೆ ಹೊತ್ತವನ ಒಂದು ಕೈ ಬಿದಿರನ್ನ ಹಿಡಿದಿರೋ ರೀತಿ ನೋಡಿದ್ರೆ ನಮ್ಮ ಕಡೆ ಸಂತೆಗೆ ಹೊರಟವನಿಗೂ ಅವನಿಗೂ ವ್ಯತ್ಯಾಸ ಗೊತ್ತಾಗಲ್ಲ. ಅಲ್ಲೊಬ್ಬ ಟೂರ್ ಗೈಡ್ ಯುರೋಪಿನ ಗುಂಪಿಗೆ ವಿವರಿಸ್ತಿದ್ದವರು ನಮ್ಮನ್ನ ನೋಡಿ, ನಿಮ್ಮವರು ಇಲ್ಲಿದ್ದಾರೆ ಬನ್ನಿ ಅಂತ ಕರೆದು ತೋರಿಸಿದ್ರು, ಆ ಗುಂಪು ನಮಗೆ ಜಾಗ ಬಿಡ್ತು.

1933ರಲ್ಲಿ ಇದೇ ಜಾಗದಲ್ಲಿ ಸಾವಿರಾರು ಮಣ್ಣಿನ ಹಲಗೆಗಳು ಸಿಕ್ಕವು, ಕೋಟೆ ಗೋಡೆಯ ಕೋಣೆಗಳಲ್ಲಿ. ರಾಜರ ಪರಾಕ್ರಮ ಏನಿಲ್ಲ ಅದರಲ್ಲಿ, ಬರೀ ಉಗ್ರಾಣದ ಲೆಕ್ಕ. ಯಾವ ಗುಂಪಿನ ಕೆಲಸಗಾರರಿಗೆ ಎಷ್ಟು ಬಾರ್ಲಿ, ಎಷ್ಟು ದ್ರಾಕ್ಷಾರಸ, ಪ್ರಯಾಣ ಹೊರಟವನಿಗೆ ದಾರಿಯಲ್ಲಿ ಎಷ್ಟು ಹಿಟ್ಟು. ಹೆಂಗಸರೂ ಕೆಲಸಕ್ಕಿದ್ರು, ಹೆರಿಗೆ ಆದವರಿಗೆ ಹೆಚ್ಚಿನ ಪಡಿ ಕೊಟ್ಟಿದ್ದಾರೆ. ಗಂಡು ಮಗು ಆದವಳಿಗೆ ಕೊಟ್ಟಿದ್ದರಲ್ಲಿ ಹೆಣ್ಣು ಹೆತ್ತವಳಿಗೆ ಅರ್ಧ. ಓದಿ ಬೇಜಾರಾಯ್ತು, ಆದ್ರೂ ಬಾಣಂತಿಗೆ ಅಂತ ಪಡಿ ಬರೆದಿಟ್ಟ ಸರ್ಕಾರ 2,500 ವರ್ಷದ ಹಿಂದೆ ಇತ್ತು ಅನ್ನೋದು ಸಣ್ಣ ವಿಷಯ ಅಲ್ಲ. ಇನ್ನೊಂದು, ಕಟ್ಟೆಯ ಮೇಲೆ ಕಂಬ ನಿಲ್ಲಿಸೋಕೆ ಮೊದಲೇ ಕೆಳಗಡೆ ಬಂಡೆ ಕೊರೆದು ಮಳೆನೀರು ಹೋಗೋಕೆ ಚರಂಡಿ ಜಾಲ ಮಾಡಿದ್ದಾರೆ. ಮೊದಲು ನೀರಿನ ದಾರಿ, ಆಮೇಲೆ ಅರಮನೆ.

ಅಲ್ಲಿಂದ ಮುಂದೆ ಪಸರ್ಗದೇ, ಪರ್ಷಿಯನ್ ಸಾಮ್ರಾಜ್ಯ ಕಟ್ಟಿದ ಸೈರಸ್ ರಾಜನ ಸಮಾಧಿ. ಆರು ಮೆಟ್ಟಿಲ ಕಟ್ಟೆ, ಮೇಲೊಂದು ಪುಟ್ಟ ಕಲ್ಲಿನ ಮನೆ, ಸುತ್ತ ಬಯಲು, ಅಷ್ಟೇ. ಅಷ್ಟಕ್ಕೇ ಗಂಟಲು ಕಟ್ಟುತ್ತೆ. ಅವನ ಅರಮನೆ ತೋಟದ ಕಲ್ಲಿನ ಕಾಲುವೆಗಳು ಇನ್ನೂ ಕಾಣ್ತವೆ, ಹುಲ್ಲಿನ ಮಧ್ಯೆ ಬಿಳೀ ಗೆರೆ ಎಳೆದಂಗೆ. ಇದರ ಹತ್ತಿರವೇ ಸಿವಂದ್ ಅಂತ ಒಂದು ಅಣೆಕಟ್ಟೆ, 2007ರಲ್ಲಿ ನೀರು ತುಂಬಿಸಿದ್ರು, ಆಗ ಅಲ್ಲಿಯ ಜನ ಸಮಾಧಿಗೆ ತೇವ ಹಿಡಿಯುತ್ತೆ ಅಂತ ತುಂಬಾ ವಿರೋಧ ಮಾಡಿದ್ರು, ಕಣಿವೆಯಲ್ಲಿದ್ದ ಹಳೇ ನೆಲೆಗಳನ್ನ ಅವಸರವಸರವಾಗಿ ಅಗೆದು ನೋಡಿ ಆಮೇಲೆ ಮುಳುಗಿಸಿದ್ರು. ಕನ್ನಂಬಾಡಿ ವೇಣುಗೋಪಾಲಸ್ವಾಮಿ ದೇವಸ್ಥಾನದ ಕಥೆ ಗೊತ್ತಿರೋ ನಮಗೆ ಇದು ಹೊಸದಲ್ಲ. ಕೆಆರ್‌ಎಸ್ ನೀರಲ್ಲಿ ಮುಳುಗಿದ್ದ ದೇವಸ್ಥಾನ ಬರಗಾಲ ಬಂದ ವರ್ಷ ಮೇಲೆ ಕಾಣೋದು, ಜನ ದಂಡು ದಂಡಾಗಿ ನೋಡೋಕೆ ಹೋಗೋದು, ಕೊನೆಗೆ ಕಲ್ಲು ಕಲ್ಲು ಬಿಚ್ಚಿ ತಂದು ಹೊಸ ಕನ್ನಂಬಾಡಿಯಲ್ಲಿ ಕಟ್ಟಿದ್ರು. ಅಣೆಕಟ್ಟೆ ಬೇಕು, ಅದರ ಅನ್ನ ತಿಂದೋನು ನಾನು, ಬೇಡ ಅನ್ನೋಕಾಗಲ್ಲ. ಆದ್ರೆ ಮುಳುಗೋದನ್ನ ಮೊದಲೇ ಪಟ್ಟಿ ಮಾಡಿ ಎತ್ತಿಡೋಕೆ ಬೇಕಾದಷ್ಟು ಟೈಮು ದುಡ್ಡು ಎರಡನ್ನೂ ಯೋಜನೆಯಲ್ಲೇ ಇಡಬೇಕು.

ತೋಟಗಳು. ಇರಾನಿನ 9 ತೋಟ ಸೇರಿಸಿ 2011ರಲ್ಲಿ ಯುನೆಸ್ಕೋ ಪಟ್ಟಿಗೆ ಹಾಕಿದ್ರು, ಪಸರ್ಗದೇ, ಕಾಶಾನ್‌ನ ಫಿನ್, ಶಿರಾಜ್‌ನ ಎರಾಮ್, ಯಜ್ದ್‌ನ ದೌಲತಾಬಾದ್, ಇಸ್ಫಹಾನ್‌ನ ಚೆಹೆಲ್ ಸೊತೂನ್ ಎಲ್ಲಾ ಅದರಲ್ಲಿವೆ. ಫಿನ್ ತೋಟದ ಕಾರಂಜಿಗಳು ಪಂಪ್ ಇಲ್ಲದ ಕಾಲದವು, ಮೇಲಿರೋ ಚಿಲುಮೆಯಿಂದ ಇಳಿದು ಬರೋ ನೀರಿನ ಒತ್ತಡಕ್ಕೇ ಚಿಮ್ಮೋ ಹಂಗೆ ಕೊಳವೆ ಹೂತಿದ್ದಾರೆ, ಕಾಲುವೆ ತಳಕ್ಕೆ ನೀಲಿ ಹೆಂಚು. ನಮ್ಮ ಬೃಂದಾವನದ ಮೆಟ್ಟಿಲು ಮೆಟ್ಟಿಲಾದ ಅಂಗಳ, ನಡುವೆ ಉದ್ದಕ್ಕೆ ನೀರು, ಎರಡೂ ಕಡೆ ಸಾಲು ಮರ, ಅದೂ ಈ ಮನೆತನದ್ದೇ. ಬೃಂದಾವನಕ್ಕೆ ಮಾದರಿ ಕಾಶ್ಮೀರದ ಶಾಲಿಮಾರ್, ಮೊಗಲರ ಶಾಲಿಮಾರ್‌ಗೆ ಮಾದರಿ ಇರಾನಿನ ತೋಟ. ಅದನ್ನ ಮಾಡಿಸಿದ ದಿವಾನ್ ಸರ್ ಮಿರ್ಜಾ ಇಸ್ಮಾಯಿಲ್ ಅವರ ತಾತ ಅಲಿ ಅಸ್ಕರ್ 1820ರ ದಶಕದಲ್ಲಿ ಶಿರಾಜ್‌ನಿಂದ ಕುದುರೆ ವ್ಯಾಪಾರಕ್ಕೆ ಬೆಂಗಳೂರಿಗೆ ಬಂದವರು. 1926ರಿಂದ 1941ರವರೆಗೆ ಮೈಸೂರಿನ ದಿವಾನರು, ಎಷ್ಟು ಕೆಲಸ ಮಾಡಿದ್ರು ಅಂತ ಇಲ್ಲಿ ಬರೆಯೋಕೆ ಹೊರಟ್ರೆ ಇನ್ನೊಂದು ಪೋಸ್ಟ್ ಬೇಕು. ಎರಾಮ್ ತೋಟದಲ್ಲಿ ಸೈಪ್ರೆಸ್ ಮರಗಳ ಸಾಲಿನಡಿ ಕೂತಾಗ, ಈ ಊರಿನ ಮನೆಯೊಂದರ ಮೊಮ್ಮಗ ನಮ್ಮ ಕಾವೇರಿ ದಂಡೆಗೆ ತೋಟ ಕೊಟ್ಟ ಅಂತ ನೆನೆಸ್ಕೊಂಡು ನನಗೆ ನಿಜಕ್ಕೂ ಕೃತಜ್ಞತೆ ಅನ್ನಿಸ್ತು.

ಚೆಹೆಲ್ ಸೊತೂನ್ ಬಗ್ಗೆ ಒಂದೇ ಮಾತು. 20 ಮರದ ಕಂಬಗಳ ಹಜಾರ, ಎದುರು ಕೊಳ, ಒಳಗಡೆ ಗೋಡೆ ತುಂಬಾ ಯುದ್ಧದ ಚಿತ್ರಗಳು, 1739ರಲ್ಲಿ ಇರಾನಿನ ನಾದಿರ್ ಶಾ ಕರ್ನಾಲ್‌ನಲ್ಲಿ ಮೊಗಲರನ್ನ ಸೋಲಿಸಿದ್ದೂ ಇದೆ. ಶ್ರೀರಂಗಪಟ್ಟಣದ ದರಿಯಾ ದೌಲತ್‌ನಲ್ಲಿ ಪೊಳ್ಳಿಲೂರು ಯುದ್ಧದ ಗೋಡೆ ನೋಡಿದವರು ಇದನ್ನ ನೋಡಿದ್ರೆ ತುಂಬಾ ಹೊತ್ತು ಅಲ್ಲಾಡಲ್ಲ.

ಆದ್ರೆ ಇಸ್ಫಹಾನ್‌ನಲ್ಲಿ ನನಗೆ ಹೊಟ್ಟೆ ಸಂಕಟ ಆಗಿದ್ದು ನದಿ ನೋಡಿ. ಜಾಯಂದೇ ರೂದ್ ಅನ್ನೋ ನದಿ ಊರ ಮಧ್ಯೆ ಹರಿಯುತ್ತೆ, ಹರೀಬೇಕು. ಶಾ ಅಬ್ಬಾಸ್ ಕಾಲದಲ್ಲಿ, 1602ರ ಹೊತ್ತಿಗೆ ಮುಗಿದ 33 ಕಮಾನಿನ ಸೇತುವೆ, 1650ರ ಖಾಜು ಸೇತುವೆ, ಇವೆರಡರ ಚಂದ ಇರೋದೇ ಕಮಾನಿನ ನೆರಳು ನೀರಲ್ಲಿ ಬೀಳೋದರಲ್ಲಿ. ನಾವು ಹೋದಾಗ ಒಂದು ಹನಿ ಇರಲಿಲ್ಲ. ಬಿರುಕು ಬಿಟ್ಟ ಮಣ್ಣು, ಹುಡುಗರು ಫುಟ್ಬಾಲ್ ಆಡ್ತಿದ್ರು, ಯಾರೋ ಪೆಡಲ್ ಬೋಟುಗಳನ್ನ ದಡದಲ್ಲಿ ಮಗುಚಿ ಹಾಕಿದ್ರು. ಈಗ ಮೇಲಿಂದ ಬಿಟ್ಟಾಗ ಮಾತ್ರ ನೀರು, ವರ್ಷದಲ್ಲಿ ಸ್ವಲ್ಪ ಕಾಲ. 2021ರ ನವೆಂಬರ್‌ನಲ್ಲಿ ಕೆಳಭಾಗದ ರೈತರು ಇದೇ ಒಣ ನದಿಯೊಳಗೆ ಟೆಂಟ್ ಹಾಕ್ಕೊಂಡು ಕೂತಿದ್ರು, ನೀರು ಬಿಡಿ ಅಂತ. ಇದೇ ನದಿಯ ನೀರು ಪೈಪ್‌ನಲ್ಲಿ ಯಜ್ದ್‌ಗೂ ಹೋಗುತ್ತೆ. ಆ ಸಿಟ್ಟಿಗೆ ರೈತರು ಪೈಪ್ ಒಡೆದಿದ್ದೂ ಇದೆ. ನಮ್ಮ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ ಬೆಂಗಳೂರಿಗೆ ಕಾವೇರಿ ಪಂಪ್ ಆಗೋದನ್ನ ನೋಡ್ತಾ, ನಮ್ಮ ಗದ್ದೆ ಒಣಗಿದ ವರ್ಷ ಹೈವೇಯಲ್ಲಿ ಕೂತವರನ್ನ ನೋಡ್ತಾ ಬೆಳೆದೋನಿಗೆ, ಯಾರ ಪರ ಮಾತಾಡಬೇಕು ಅಂತ ಅಲ್ಲೂ ಸುಲಭವಾಗಿ ಹೇಳೋಕಾಗಲಿಲ್ಲ. ಯಜ್ದ್‌ನವರಿಗೂ ಬಾಯಾರಿಕೆ ಆಗುತ್ತಲ್ಲ.

ಯಾಕೆ ಹಿಂಗಾಯ್ತು ಅಂದ್ರೆ ಮಳೆ ಕಮ್ಮಿ ಅನ್ನೋದು ಒಂದು, ಆದ್ರೆ ದೊಡ್ಡ ಕಾರಣ ಆಳದ ಬೋರ್‌ವೆಲ್. ಕನಾತ್‌ಗೆ ಒಂದು ಗುಣ ಇದೆ, ಅಂತರ್ಜಲ ಎಷ್ಟು ಕೊಡುತ್ತೋ ಅಷ್ಟೇ ಹರಿಯುತ್ತೆ, ಜಾಸ್ತಿ ಎಳೆಯೋಕೆ ಬರಲ್ಲ. 1960ರ ದಶಕದ ಭೂಸುಧಾರಣೆ ಆದ್ಮೇಲೆ ಕನಾತ್ ಹೂಳೆತ್ತಿಸೋ ಹಳೇ ವ್ಯವಸ್ಥೆ ಸಡಿಲವಾಯ್ತು, ಅದೇ ಹೊತ್ತಿಗೆ ಮೋಟಾರ್ ಬಂತು, ಪ್ರತಿಯೊಬ್ಬರೂ ಅವರವರ ಬಾವಿ ಆಳ ಮಾಡ್ಕೊಂಡ್ರು, ನೀರಿನ ಮಟ್ಟ ತಾಯಿ ಬಾವಿಗಿಂತ ಕೆಳಗೆ ಹೋಯ್ತು, ಕನಾತ್ ಒಣಗ್ತು. ಅಲ್ಲಿಗೆ ನಿಲ್ಲಲಿಲ್ಲ. ಕೆಳಗಿನ ನೀರು ಖಾಲಿ ಆದ್ರೆ ಮೇಲಿನ ನೆಲ ಕುಸಿಯುತ್ತೆ. ಇಸ್ಫಹಾನ್‌ನಲ್ಲಿ ಹಳೇ ಕಟ್ಟಡಗಳಿಗೆ ಅದರ ಭಯ ಇದೆ, ಪರ್ಸೆಪೊಲಿಸ್ ಇರೋ ಬಯಲಿನಲ್ಲಿ, ನಕ್ಷ್-ಎ-ರೊಸ್ತಮ್‌ನ ರಾಜರ ಗೋರಿಗಳ ಹತ್ತಿರದಲ್ಲೇ ನೆಲ ಬಿರಿದಿದೆ. ಅಲೆಕ್ಸಾಂಡರನ ಬೆಂಕಿ ತಡ್ಕೊಂಡಿದ್ದನ್ನ ಬೋರ್‌ವೆಲ್ ಬೀಳಿಸೋ ಹಾಗಾಗಿದೆ. ಪರಂಪರೆ ಉಳಿಸೋದು ಅಂದ್ರೆ ಕಂಬಕ್ಕೆ ಬೇಲಿ ಹಾಕಿ ಟಿಕೆಟ್ ಮಾರೋದಷ್ಟೇ ಅಲ್ಲ, ಅದರ ಕೆಳಗಿನ ನೀರನ್ನೂ ಕಾಯಬೇಕು. ನಾಗಮಂಗಲದ ಕಡೆ ಬೋರ್ ಹಾಕಿಸಿ ಹಾಕಿಸಿ ಸೋತವರಿಗೆ ಇದು ಅರ್ಥವಾಗುತ್ತೆ. ಒಡೆಯರ ಕಾಲದ ಬಂಗಾರದೊಡ್ಡಿ ನಾಲೆ ಶ್ರೀರಂಗಪಟ್ಟಣದಲ್ಲಿ ನದಿ ದಾಟಿ ಇವತ್ತಿಗೂ ಗದ್ದೆಗೆ ನೀರು ಕೊಡ್ತಿದೆ, ಅದನ್ನೂ ನಾವು ಸ್ಮಾರಕ ಅಂತ ಎಣಿಸೋಕೆ ಶುರು ಮಾಡಬೇಕು. 2023ರ ಸೆಪ್ಟೆಂಬರ್‌ನಲ್ಲಿ ರಿಯಾದ್‌ನಲ್ಲಿ ನಡೆದ ಒಂದೇ ಯುನೆಸ್ಕೋ ಸಭೆಯಲ್ಲಿ ನಮ್ಮ ಸೋಮನಾಥಪುರ ಸೇರಿ ಹೊಯ್ಸಳ ದೇವಾಲಯಗಳೂ ಇರಾನಿನ 54 ಹಳೇ ಛತ್ರಗಳೂ ಪಟ್ಟಿಗೆ ಸೇರಿದ್ವು. ಛತ್ರ ಕೂಡ ಸ್ಮಾರಕ ಅಂತ ಅವರು ಸಾಧಿಸಿದ್ರು, ನಾಲೆ, ತೂಬು, ಕಟ್ಟೆಗಳಿಗೆ ನಾವೂ ಹಂಗೇ ಪಟ್ಟು ಹಿಡಿಯಬಹುದು.

ಹೋಗೋರಿಗೆ ಒಂದಿಷ್ಟು ಉಪಯೋಗದ ವಿಷಯ. ನಮ್ಮ ಎಟಿಎಂ ಕ್ರೆಡಿಟ್ ಕಾರ್ಡ್ ಯಾವುದೂ ಅಲ್ಲಿ ನಡೆಯಲ್ಲ, ನಿರ್ಬಂಧ ಇದೆ, ಪೂರ್ತಿ ಖರ್ಚಿಗೆ ಡಾಲರ್ ಇಲ್ಲಾ ಯೂರೋ ಕ್ಯಾಶ್ ಇಟ್ಕೊಳ್ಳಿ. ಬೆಲೆ ರಿಯಾಲ್‌ನಲ್ಲಿ ಬರೆದಿರ್ತಾರೆ, ಬಾಯಲ್ಲಿ ತೊಮಾನ್ ಹೇಳ್ತಾರೆ, ಹತ್ತು ರಿಯಾಲ್‌ಗೆ ಒಂದು ತೊಮಾನ್, ಕೇಳಿ ಖಚಿತ ಮಾಡ್ಕೊಂಡು ಕೊಡಿ. ಹೆಂಗಸರು ತಲೆಗೆ ವಸ್ತ್ರ ಹಾಕಬೇಕು ಅನ್ನೋ ಕಾನೂನಿದೆ. ಶುಕ್ರವಾರ ರಜೆ. ಮಾರ್ಚ್ ಕೊನೆಯಲ್ಲಿ ಅವರ ಹೊಸ ವರ್ಷ, ಆಗ ದೇಶಕ್ಕೆ ದೇಶವೇ ಟೂರಿಗೆ ಹೊರಟಿರುತ್ತೆ, ರೂಮ್ ಸಿಗಲ್ಲ. ಏಪ್ರಿಲ್ ಕೊನೆ, ಮೇ, ಇಲ್ಲಾ ಅಕ್ಟೋಬರ್ ಚೆನ್ನ. ಸಸ್ಯಾಹಾರಿಗಳಿಗೆ ಸ್ವಲ್ಪ ಕಷ್ಟ, ಬದನೆಕಾಯಿ ಪಲ್ಯದ ಥರದ್ದು, ಬೇಳೆ ಸೊಪ್ಪು ಶಾವಿಗೆ ಹಾಕಿದ ಗಟ್ಟಿ ಸಾರು, ಬಿಸಿ ರೊಟ್ಟಿ, ಮೊಸರು, ಇಷ್ಟರಲ್ಲಿ ನಡೆಯುತ್ತೆ, ಸಾರಿಗೆ ಮಾಂಸ ಹಾಕಿದ್ದಾರಾ ಅಂತ ಕೇಳಿ. ಟೀಗೆ ಸಕ್ಕರೆ ಕಲಸಲ್ಲ, ಸಕ್ಕರೆ ತುಂಡು ಹಲ್ಲಲ್ಲಿ ಕಚ್ಕೊಂಡು ಕುಡೀತಾರೆ. ಜನ ಮಾತ್ರ ಬಂಗಾರ, ದಾರಿ ಕೇಳಿದ್ರೆ ಜೊತೆಗೇ ನಡ್ಕೊಂಡು ಬಂದು ಬಿಟ್ಟು ಹೋಗ್ತಾರೆ.

ವೀಸಾ ವಿಷಯ ಬದಲಾಗಿದೆ. 2024ರ ಫೆಬ್ರವರಿಯಿಂದ ಭಾರತದವರಿಗೆ ವೀಸಾ ಇಲ್ಲದೆ 15 ದಿನ ಬಿಡ್ತಿದ್ರು, ನಾವು ಹೋಗಿದ್ದೂ ಆಗಲೇ. ಕೆಲಸ ಕೊಡಿಸ್ತೀವಿ ಅಂತ ನಂಬಿಸಿ ಕರ್ಕೊಂಡು ಹೋಗಿ ಒತ್ತೆ ಇಟ್ಟು ದುಡ್ಡು ಕೀಳೋ ಪ್ರಕರಣಗಳು ಆದ್ಮೇಲೆ 2025ರ ನವೆಂಬರ್ 22ರಿಂದ ಅದನ್ನ ನಿಲ್ಲಿಸಿದ್ರು. 2025ರ ಜೂನ್‌ನಲ್ಲಿ ಇಸ್ರೇಲ್ ಜೊತೆ ಯುದ್ಧ ಆಗಿ ನಮ್ಮ ವಿದ್ಯಾರ್ಥಿಗಳನ್ನ ಸರ್ಕಾರ ವಾಪಸ್ ಕರೆಸಿದ್ದು ಎಲ್ಲರಿಗೂ ನೆನಪಿದೆ. ಹಾಗಾಗಿ ಟಿಕೆಟ್ ಮಾಡೋಕೆ ಮೊದಲು ವಿದೇಶಾಂಗ ಇಲಾಖೆಯ ಸೂಚನೆ ಓದಿ, ಬೇಡ ಅಂದಿದ್ರೆ ಹೋಗಬೇಡಿ. ನಮಗೆ ಯಜ್ದ್‌ನಲ್ಲಿ ಊಟ ಹಾಕಿದ ಮನೆಯವರ ಫೋನ್ ಆ ಜೂನ್‌ನಲ್ಲಿ ಸುಮಾರು ದಿನ ಸಿಗಲೇ ಇಲ್ಲ, ಸಿಕ್ಕಿದಾಗ ಎಲ್ಲಾ ಚೆನ್ನಾಗಿದ್ದೀವಿ ಅಂದ್ರು, ಆಮೇಲೇ ನಮಗೆ ಸಮಾಧಾನ.

ಈಗ ಹೋಗೋಕಾಗದವರು ಬೀದರ್‌ಗೆ ಹೋಗಿ. ಯಶವಂತಪುರದಿಂದ ರಾತ್ರಿ ಟ್ರೈನ್ ಇದೆ. ಇರಾನಿನ ಗಿಲಾನ್ ಕಡೆಯಿಂದ ಬಂದು ಬಹಮನಿ ರಾಜ್ಯದ ಮಂತ್ರಿಯಾದ ಮಹಮೂದ್ ಗವಾನ್ 1472ರಲ್ಲಿ ಕಟ್ಟಿಸಿದ ಮದ್ರಸಾ ಅಲ್ಲಿದೆ, ಮುಂಭಾಗದ ಗೋಡೆಯಲ್ಲಿ ನೀಲಿ ಹಳದಿ ಹೆಂಚಿನ ಕೆಲಸ ಅಲ್ಲಲ್ಲಿ ಉಳ್ಕೊಂಡಿದೆ. ಊರಾಚೆ ನೌಬಾದ್‌ನಲ್ಲಿ ಕರೇಜ್ ಇದೆ, ಅದೂ ಕನಾತೇ, ಬಹಮನಿ ಕಾಲದಲ್ಲಿ ಜಂಬಿಟ್ಟಿಗೆ ಕಲ್ಲು ಕೊರೆದು ಮಾಡಿದ್ದು, ಮೇಲೆ ಗಾಳಿ ಬಾವಿಗಳ ಸಾಲು. ಎಷ್ಟೋ ಕಾಲ ಮಣ್ಣು ಕಸ ತುಂಬಿ ಮರೆತೇಹೋಗಿತ್ತು, ಹತ್ತು ವರ್ಷದ ಈಚೆಗೆ ಹೂಳೆತ್ತಿದ್ರು. ನಾನು ದೊಡ್ಡಪ್ಪನ್ನ ಕರ್ಕೊಂಡು ಹೋಗ್ತಿದ್ದೀನಿ, ಭತ್ತ ಕುಯ್ಲು ಮುಗೀಲಿ ಅಂದಿದ್ದಾರೆ. ಮಂಡ್ಯ ಕಡೆಯಿಂದ ಯಾರಾದ್ರೂ ಜೊತೆಗೆ ಬರೋದಿದ್ರೆ ಸಂಕ್ರಾಂತಿ ಒಳಗೆ ತಿಳಿಸಿ, ಒಂದೇ ಬೋಗಿಯಲ್ಲಿ ಸೀಟು ಮಾಡಿಸೋಣ.